ಫಿನಾಯಿಲ್ ವಾಸನೆ ನೋಡಿ ವೃದ್ಧಾಶ್ರಮ ಆರಿಸಬೇಡಿ: ಹಾಸನದ ಒಂದು ಕಡೆ ಅಮ್ಮನ 14 ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಜಾಗದ ಹೆಸರು ಬರೆಯುವುದಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ, ಅಮ್ಮ ಇನ್ನೂ ಅಲ್ಲೇ ಇದ್ದಾಳೆ, ನಾಳೆ ಬೆಳಿಗ್ಗೆ ಅವಳ ಮೈ ಒರೆಸುವವರು ಅವರೇ. ಅರ್ಥ ಆಯ್ತಲ್ವಾ. ಹಾಸನದಿಂದ ಸ್ವಲ್ಪ ಹೊರಗೆ, ಹಳೇ ಮಹಡಿ ಮನೆ, 26 ಜನ ವಯಸ್ಸಾದವರು, ಅದರಲ್ಲಿ 9 ಜನ ಹಾಸಿಗೆ ಹಿಡಿದವರು. ಅಮ್ಮನಿಗೆ 78. ಸ್ಟ್ರೋಕ್ ಆಗಿ ಎಡಗಡೆ ಕೈಕಾಲು ಬರುವುದಿಲ್ಲ. ಮಾತು ಚೆನ್ನಾಗಿದೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ. ತಿಂಗಳಿಗೆ 24 ಸಾವಿರ, ಡೈಪರ್ ಮತ್ತು ಔಷಧಿ ಬೇರೆ.

ಇಂಥ ಜಾಗದ ವಿಷಯ ಬಂದರೆ ಎಲ್ಲರೂ ಮೊದಲು ಕೇಳುವುದು ಊಟ ಹೇಗೆ ಅಂತ. ಊಟ ಚೆನ್ನಾಗಿದೆ. ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲಾ ಉಪ್ಪಿಟ್ಟು, ಮಧ್ಯಾಹ್ನ ಮುದ್ದೆ, ಅನ್ನ, ಸಾರು, ರಾತ್ರಿ ಏನಾದರೂ ಮೆತ್ತಗಿರುವುದು. ಅಷ್ಟೇ. ನಾನು ಬರೆಯಬೇಕು ಅಂದುಕೊಂಡಿದ್ದು ಬೇರೆ. ಒಬ್ಬರ ಕಾಯಿಲೆ ಪಕ್ಕದ ಹಾಸಿಗೆಯವರಿಗೆ ಅಂಟದ ಹಾಗೆ ಇವರು ಏನು ಮಾಡುತ್ತಾರೆ, ಎಲ್ಲಿ ಎಡವುತ್ತಾರೆ ಅನ್ನುವುದು. ಮೊದಲ ಸಲ ನಾನೂ ಇದನ್ನು ಕೇಳಿರಲಿಲ್ಲ. ಅದಕ್ಕೆ ಸರಿಯಾಗಿಯೇ ಅನುಭವಿಸಿದೆ.

ಇದಕ್ಕೆ ಮುಂಚೆ ಅಮ್ಮ ಐದು ತಿಂಗಳು ಬೇರೊಂದು ಕಡೆ ಇದ್ದಳು. ಗ್ರಾನೈಟ್ ನೆಲ, ಎದುರಿಗೆ ತುಳಸಿ ಕಟ್ಟೆ, ಮೂಲೆಮೂಲೆಗೆ ಸಿಸಿ ಕ್ಯಾಮೆರಾ, ಗೇಟು ದಾಟುವಾಗಲೇ ಮೂಗಿಗೆ ಬಡಿಯುವ ಫಿನಾಯಿಲ್. ತಮ್ಮ ಬೆಂಗಳೂರಿಂದ ಬಂದವನು ಒಂದು ಸುತ್ತು ಹಾಕಿ, "ಅಕ್ಕ, ಆಸ್ಪತ್ರೆಗಿಂತ ನೀಟಾಗಿದೆ ಕಣೆ" ಅಂದ. ನಾನೂ ತಲೆಯಾಡಿಸಿದೆ. ಮೂರನೇ ತಿಂಗಳಿಗೆ ಅಮ್ಮನಿಗೆ ಮೈ ತುರಿಕೆ ಶುರುವಾಯಿತು. ಹಗಲು ಅಷ್ಟಿಲ್ಲ, ರಾತ್ರಿ ಮಲಗಿದರೆ ಸಾಕು, ಬರುವ ಒಂದೇ ಕೈಯಲ್ಲಿ ಕೆರೆದು ಕೆರೆದು ಹೊಟ್ಟೆ, ಸೊಂಟ ಎಲ್ಲ ಗಾಯ. ಕೇಳಿದರೆ, "ವಯಸ್ಸಾದ ಮೇಲೆ ಚರ್ಮ ಒಣಗುತ್ತೆ ಮೇಡಂ, ಕೊಬ್ಬರಿ ಎಣ್ಣೆ ತಂದುಕೊಡಿ" ಅಂದರು. ತಂದುಕೊಟ್ಟೆ. ಎರಡು ಲೀಟರ್ ಖರ್ಚಾಯಿತು. ಆಮೇಲೆ ಒಂದು ದಿನ ಆಲೂರಿನ ಶಾಲೆಯಲ್ಲಿ ಪಾಠ ಮಾಡುತ್ತಾ ನಿಂತಿದ್ದೇನೆ, ನನ್ನ ಬೆರಳ ಸಂದಿಯೂ ಕೆರೆಯುತ್ತಿದೆ.

ಚರ್ಮದ ಡಾಕ್ಟರ್ ಒಂದು ನಿಮಿಷ ನೋಡಿ ಹೇಳಿದರು, ತುರಿಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಚರ್ಮ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಮೊದಲ ಸಲ ಹತ್ತಿದಾಗ ತುರಿಕೆ ಕಾಣಿಸಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕಂತೆ. ಅಂದರೆ ಯಾರಿಗೂ ಗೊತ್ತಾಗುವ ಹೊತ್ತಿಗೆ ಅದು ಮೈಯಿಂದ ಮೈಗೆ, ಎತ್ತಿ ಕೂರಿಸುವ ಆಯಾ ಕೈಯಿಂದ ಮುಂದಿನ ಅಜ್ಜಿಗೆ ದಾಟಿ ಆಗಿರುತ್ತದೆ. ಪರ್ಮೆಥ್ರಿನ್ ಕ್ರೀಮ್ ಬರೆದುಕೊಟ್ಟರು. ಕತ್ತಿನಿಂದ ಪಾದದವರೆಗೆ, ಅಮ್ಮನಿಗಾದರೆ ತಲೆಗೂ ಸೇರಿಸಿ, ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ, ಒಂದು ವಾರ ಬಿಟ್ಟು ಮತ್ತೊಂದು ಸಲ. ಔಷಧಿ ಇಷ್ಟೇ. ಆದರೆ ಜೊತೆಯಲ್ಲಿರುವವರೆಲ್ಲ, ನೋಡಿಕೊಳ್ಳುವವರೂ ಸೇರಿ, ತುರಿಕೆ ಇರಲಿ ಬಿಡಲಿ, ಒಂದೇ ದಿನ ಹಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಸುಮ್ನೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಆ ಜಾಗಕ್ಕೆ ಹೋಗಿ ಹೀಗೆ ಅಂದರೆ ಅವರ ಉತ್ತರ ಏನು ಗೊತ್ತಾ? "ನಿಮ್ಮ ತಾಯಿಯೇ ಮನೆಯಿಂದ ತಂದಿರಬೇಕು." ಒಬ್ಬಳಿಗೆ ಹಚ್ಚಿದರು, 30 ಜನರನ್ನು ಬಿಟ್ಟರು. ಆ ವಾರವೇ ಅಮ್ಮನನ್ನು ಮನೆಗೆ ಕರೆದುಕೊಂಡು ಬಂದೆ. ಬಟ್ಟೆ, ಹೊದಿಕೆ ಬಿಸಿನೀರಲ್ಲಿ ಒಗೆದೆ, ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಒಂದು ವಾರ ಇಟ್ಟೆ. ಮೈ ಬಿಟ್ಟರೆ ಆ ಹುಳ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಹಾಗಾಗಿ ಈಗಿನ ಜಾಗ ನೋಡಲು ಹೋದಾಗ ನಾನು ನೆಲ ನೋಡಲೇ ಇಲ್ಲ. ಅಮ್ಮನ ಔಷಧಿ ಚೀಟಿ ಹುಡುಕುವ ನೆಪದಲ್ಲಿ ಒಳಗಿನ ಹಾಲ್‌ನಲ್ಲಿ ಒಂದು ಗಂಟೆ ಕೂತು ಕೈಗಳನ್ನು ನೋಡಿದೆ. ಆಯಾ ಒಬ್ಬರು ಕಿಟಕಿ ಪಕ್ಕದ ಅಜ್ಜಿಯ ಡೈಪರ್ ಬದಲಿಸಿದರು. ಗ್ಲೌಸ್ ಬಿಚ್ಚಿ ಮುಚ್ಚಳ ಇರುವ ಬಕೆಟ್ಟಿಗೆ ಹಾಕಿದರು. ಆಮೇಲೆ ಸಿಂಕಿಗೆ ಹೋಗಿ ಸೋಪು ಹಾಕಿ ಕೈ ತೊಳೆದರು. ಗ್ಲೌಸ್ ಹಾಕಿಕೊಂಡಿದ್ದರೂ ತೊಳೆದರು, ಇದನ್ನು ಗಮನಿಸಿ, ಏಕೆಂದರೆ ಗ್ಲೌಸ್ ಬಿಚ್ಚುವಾಗಲೇ ಗಲೀಜು ಕೈಗೆ ತಾಗುವುದು ಜಾಸ್ತಿ. ಆಮೇಲೆ ಮುಂದಿನ ಹಾಸಿಗೆಗೆ ಹೊಸ ಗ್ಲೌಸ್. ಹಳೇ ಜಾಗದಲ್ಲಿ ಬೆಳಿಗ್ಗೆ ಹಾಕಿದ ಗ್ಲೌಸ್ ಮಧ್ಯಾಹ್ನದ ಊಟ ಬಡಿಸುವವರೆಗೆ ಕೈಯಲ್ಲೇ ಇರುತ್ತಿತ್ತು, ಅದನ್ನು ನೋಡಿ ನಾನು ಎಷ್ಟು ಶುಚಿ ಅಂತ ಖುಷಿಪಟ್ಟಿದ್ದೆ! ಗ್ಲೌಸ್ ಆಯಾ ಕೈಯನ್ನು ಕಾಪಾಡುತ್ತದೆ, ಬದಲಿಸದಿದ್ದರೆ ಅಜ್ಜಿಯನ್ನು ಕಾಪಾಡುವುದಿಲ್ಲ.

ಸಿಂಕು ಎಲ್ಲಿದೆ ಅನ್ನುವುದೂ ಮುಖ್ಯ. ಇಲ್ಲಿ ಪ್ರತಿ ದೊಡ್ಡ ಕೋಣೆಯ ಬಾಗಿಲ ಪಕ್ಕದಲ್ಲೇ ಒಂದಿದೆ, ಮೊಣಕೈಯಲ್ಲಿ ತಿರುಗಿಸುವ ನಲ್ಲಿ, ಗೋಡೆಗೆ ಸೋಪು, ಒರೆಸಿಕೊಳ್ಳಲು ಕಾಗದ. ಕೈ ತೊಳೆಯಲು ಕಾರಿಡಾರ್ ದಾಟಿ ಬಚ್ಚಲಿಗೆ ಹೋಗಬೇಕಾದರೆ ದಿನಕ್ಕೆ 40 ಸಲ ಯಾರು ಹೋಗುತ್ತಾರೆ ಹೇಳಿ. ವಿಶ್ವ ಆರೋಗ್ಯ ಸಂಸ್ಥೆ ಸೋಪಲ್ಲಾದರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್ ಬೇಕು ಅನ್ನುತ್ತದೆ. ನಾನು ವಾಚು ಹಿಡಿದು ನೋಡಿದೆ, ಆ ಆಯಾ 25 ಸೆಕೆಂಡಿಗೇ ಮುಗಿಸಿದರು. ಪರವಾಗಿಲ್ಲ. ನಮ್ಮ ಶಾಲೆಯಲ್ಲಿ ಬಿಸಿಯೂಟಕ್ಕೆ ಮುಂಚೆ ಮಕ್ಕಳು ಐದು ಸೆಕೆಂಡ್ ಮಾಡಿದರೆ ದೊಡ್ಡದು.

ಶುಗರ್ ಇರುವವರು ಮನೆಯಲ್ಲಿದ್ದರೆ ಇದನ್ನು ತಪ್ಪದೆ ಕೇಳಿ: ಶುಗರ್ ನೋಡಲು ಬೆರಳು ಚುಚ್ಚುವ ಪೆನ್ನು ಯಾರದು? ಇಲ್ಲಿ ಒಬ್ಬೊಬ್ಬರಿಗೂ ಹೆಸರು ಅಂಟಿಸಿದ ಸಣ್ಣ ಡಬ್ಬಿ, ಅದರಲ್ಲಿ ಅವರದೇ ಮೆಷಿನ್, ಅವರದೇ ಪೆನ್ನು, ಸೂಜಿ ಪ್ರತಿ ಸಲ ಹೊಸದು. ಸೂಜಿ ಬದಲಿಸಿದರೆ ಸಾಕು, ಪೆನ್ನು ಒಂದೇ ಇರಲಿ ಅಂತ ನಾನೂ ಅಂದುಕೊಂಡಿದ್ದೆ. ಸಾಲದು. ಅಮೆರಿಕದಲ್ಲಿ ವಯಸ್ಸಾದವರ ಮನೆಗಳಲ್ಲೇ ಈ ಪೆನ್ನು, ಮೆಷಿನ್ ಹಂಚಿಕೊಂಡು ಲಿವರ್ ಕೆಡಿಸುವ ಹೆಪಟೈಟಿಸ್ ಬಿ ಹಬ್ಬಿದ ಪ್ರಸಂಗಗಳು ಒಂದೆರಡಲ್ಲ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು, ಆ ವೈರಸ್ ಒಣಗಿದ ಜಾಗದಲ್ಲೂ ಏಳು ದಿನ ಬದುಕಿರುತ್ತದೆ. ಶೇವಿಂಗ್ ಬ್ಲೇಡು, ಉಗುರು ಕತ್ತರಿಯ ಕತೆಯೂ ಅದೇ. ಉಗುರು ಕತ್ತರಿ ಮಾತ್ರ ಇಲ್ಲೂ ಇಡೀ ಕೋಣೆಗೆ ಒಂದೇ ಇತ್ತು. ನಾನು ಗಲಾಟೆ ಮಾಡಿದ ಮೇಲೆ ಮನೆಯಿಂದ ತಂದುಕೊಡಿ ಅಂದರು. 30 ರೂಪಾಯಿ ವಸ್ತು, ಅದನ್ನೂ ನಾವೇ ತರಬೇಕು, ಇರಲಿ.

ಈಗ ಕಳೆದ ಜುಲೈ ತಿಂಗಳ ವಾಂತಿ ಭೇದಿ. ನಾನು ಈ ಜಾಗಕ್ಕೆ ಅಂಕ ಕೊಡುವುದೇ ಇದರ ಮೇಲೆ.

ಒಂದು ಬೆಳಿಗ್ಗೆ ತಿಂಡಿ ಹೊತ್ತಿಗೆ ಒಬ್ಬ ತಾತ ಊಟದ ಹಾಲ್‌ನಲ್ಲೇ ವಾಂತಿ ಮಾಡಿಕೊಂಡರು. ಆವತ್ತು ಭಾನುವಾರ, ನಾನು ಅಲ್ಲೇ ಇದ್ದೆ. ನಮ್ಮ ಮನೆಗಳಲ್ಲಾದರೆ ಏನು ಮಾಡುತ್ತೇವೆ? ಯಾರೋ ಒಬ್ಬರು ನೀರು ಸುರಿದು ಮಾಪ್ ಎಳೆದುಬಿಡುತ್ತೇವೆ. ಇಲ್ಲಿನ ಸಿಸ್ಟರ್, ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ರಿಟೈರ್ ಆದವರು, ಮೊದಲು "ಯಾರೂ ಮಾಪ್ ಮುಟ್ಟಬೇಡಿ" ಅಂದರು. ಎಲ್ಲರನ್ನೂ ಹೊರಗೆ ಕಳಿಸಿ ಕಿಟಕಿ ತೆಗೆಸಿದರು. ಮಾಸ್ಕ್, ಗ್ಲೌಸ್ ಹಾಕಿಕೊಂಡು ವಾಂತಿ ಮೇಲೆ ಹಳೇ ಪೇಪರ್ ಮುಚ್ಚಿ, ಬ್ಲೀಚಿಂಗ್ ಪೌಡರ್ ನೀರು ಸುರಿದು, ಹತ್ತು ನಿಮಿಷ ಹಾಗೇ ಬಿಟ್ಟರು. ಆಮೇಲೆ ಬಳಿದು ಚೀಲಕ್ಕೆ ಹಾಕಿ, ಸುತ್ತಲಿನ ಕುರ್ಚಿ, ಬಾಗಿಲ ಹಿಡಿ, ಸ್ವಿಚ್ಚು ಎಲ್ಲ ಒರೆಸಿದರು.

ಬ್ಲೀಚಿಂಗ್ ಪೌಡರ್ ಅಂದಾಜಿಗೆ ಕೈಯಲ್ಲಿ ಎರಚುವುದಿಲ್ಲ ಅವರು. ಗಲೀಜಾದ ಜಾಗಕ್ಕೆ ಲೀಟರಿಗೆ 15 ಗ್ರಾಂ, ದಿನನಿತ್ಯ ಒರೆಸಲು 3 ಗ್ರಾಂ, ಅಳತೆ ಚಮಚಕ್ಕೆ ಪೇಂಟಲ್ಲಿ ಗುರುತು ಹಾಕಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಹೊಸದಾಗಿ ಕಲಸಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಪೌಡರ್ ಥಂಡಿಗೆ ಗಡ್ಡೆ ಕಟ್ಟುತ್ತದೆ, ಗಡ್ಡೆ ಕಟ್ಟಿದ್ದರಲ್ಲಿ ಕ್ಲೋರಿನ್ ಸತ್ವ ಕಮ್ಮಿ, ಅದಕ್ಕೇ ದೊಡ್ಡ ಮೂಟೆ ತರುವುದಿಲ್ಲ ಅಂದರು. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಇದನ್ನು ಯಾವತ್ತೂ ಸೇರಿಸಬಾರದು, ಬರುವ ಹೊಗೆ ಶ್ವಾಸಕೋಶ ಸುಡುತ್ತದೆ. ವಿಜ್ಞಾನದ ಮೇಷ್ಟ್ರು ನಾನು, ಆವತ್ತು ಆ ವಾಸನೆ ಕುಡಿಯುತ್ತಾ ನಿಂತಾಗ ವಿಯೆನ್ನಾದ ಡಾಕ್ಟರ್ ಸೆಮ್ಮೆಲ್‌ವೈಸ್ ನೆನಪಾದ. 1847ರಲ್ಲಿ ಹೆರಿಗೆ ವಾರ್ಡಿನ ಡಾಕ್ಟರುಗಳು ಇದೇ ಥರದ ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆಯಬೇಕು ಅಂತ ಕಟ್ಟುಮಾಡಿದ, ಬಾಣಂತಿಯರ ಸಾವು ಇಳಿಯಿತು, ದೊಡ್ಡ ಡಾಕ್ಟರುಗಳು ಮಾತ್ರ ಅವನನ್ನು ನಂಬಲಿಲ್ಲ. ಇರಲಿ, ಪಾಠ ಶುರುಮಾಡಿಬಿಟ್ಟೆ.

ಡಾಕ್ಟರ್ ಬಂದು ನೋಡಿ, ಲಕ್ಷಣ ವಾಂತಿ ಭೇದಿ ತರುವ ನೋರೋವೈರಸ್ ಥರ ಇದೆ ಅಂದರು. ಪರೀಕ್ಷೆಗೆ ಕಳಿಸಲಿಲ್ಲ. ಈ ವೈರಸ್‌ಗೆ ಸ್ಯಾನಿಟೈಸರ್ ಸರಿಯಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. ಹಾಗಾಗಿ ಗೋಡೆಯ ಸ್ಯಾನಿಟೈಸರ್ ಬಾಟಲಿಗಳ ಮೇಲೆ "ಸೋಪು ಮಾತ್ರ" ಅಂತ ಕಾಗದ ಅಂಟಿಸಿದರು. ಒಳಗೆ ಸೇರಿ 12ರಿಂದ 48 ಗಂಟೆಯಲ್ಲಿ ವಾಂತಿ ಶುರುವಾಗುತ್ತದೆ, ಆದ್ದರಿಂದ ತಾತನ ಪಕ್ಕ ಕೂತಿದ್ದವರನ್ನೆಲ್ಲ ಎರಡು ದಿನ ಕೋಣೆಯಲ್ಲೇ ಇಟ್ಟು ನೋಡಿದರು. ಅಂತೂ ಒಟ್ಟು 7 ಜನಕ್ಕೆ ನಿಂತಿತು. ಯಾರನ್ನೂ ಆಸ್ಪತ್ರೆಗೆ ಸೇರಿಸಬೇಕಾಗಲಿಲ್ಲ, ಓಆರ್‌ಎಸ್ ಚಮಚ ಚಮಚವಾಗಿ ಗಂಟೆಗಟ್ಟಲೆ ಕುಡಿಸಿದರು. ಈ ವಯಸ್ಸಲ್ಲಿ ವಾಂತಿಗಿಂತ ಮೈಯ ನೀರು ಬತ್ತುವುದೇ ಅಪಾಯ.

ಇಷ್ಟೆಲ್ಲ ಚೆನ್ನಾಗಿ ಮಾಡಿದರೂ ನನಗೆ ಇಷ್ಟವಾದದ್ದು ಬೇರೆ ಒಂದು. ಮೂರನೇ ದಿನ ಅಡುಗೆ ಕೋಣೆಯ ಆಯಾಗೂ ಭೇದಿ ಆಯಿತು. ಅವರು ಬಂದು ತಾವಾಗಿಯೇ ಹೇಳಿದರು. ಯಾಕೆ ಹೇಳಿದರು? ಸಂಬಳ ಕಡಿತ ಆಗುವುದಿಲ್ಲ ಅಂತ ಗೊತ್ತಿತ್ತು. ಇಲ್ಲಿ ಭೇದಿ, ಜ್ವರ, ಕೆಮ್ಮು ಅಂದರೆ ಸಂಬಳದ ರಜೆ, ಭೇದಿ ನಿಂತು 48 ಗಂಟೆ ಆಗುವವರೆಗೆ ಕೆಲಸಕ್ಕೆ ಬರಬಾರದು, ಬಂದರೆ ಸಿಸ್ಟರ್ ವಾಪಸ್ ಕಳಿಸುತ್ತಾರೆ. ಭೇದಿ ನಿಂತರೂ ವೈರಸ್ ಇನ್ನೂ ಹೊರಗೆ ಬರುತ್ತಿರುತ್ತದೆ, ಅದಕ್ಕೆ ಆ ಎರಡು ದಿನ. ಹಳೇ ಜಾಗದಲ್ಲಿ ಒಂದು ದಿನ ಬರದಿದ್ದರೆ 400 ರೂಪಾಯಿ ಕಟ್. ಮನೆಯಲ್ಲಿ ಎರಡು ಮಕ್ಕಳಿರುವ ಹೆಂಗಸು 400 ರೂಪಾಯಿ ಬಿಟ್ಟು ಮನೆಯಲ್ಲಿ ಮಲಗುತ್ತಾಳಾ? ಮಾತ್ರೆ ನುಂಗಿ ಬರುತ್ತಾಳೆ, ಬಂದು ಅಮ್ಮನಿಗೆ ಅನ್ನ ಕಲಸಿ ತಿನ್ನಿಸುತ್ತಾಳೆ. ಅವಳನ್ನು ಬೈದು ಏನು ಪ್ರಯೋಜನ.

ಇದು ನನ್ನ ತಲೆಯಲ್ಲಿ ಹುಟ್ಟಿದ ಸಿದ್ಧಾಂತ ಅಲ್ಲ. 2020ರ ಫೆಬ್ರವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್ ಅನ್ನುವ ಊರಲ್ಲಿ ವಯಸ್ಸಾದವರ ಒಂದು ಆರೈಕೆ ಕೇಂದ್ರಕ್ಕೆ ಕೋವಿಡ್ ನುಗ್ಗಿ 30ಕ್ಕೂ ಹೆಚ್ಚು ಜನ ಹೋದರಲ್ಲ, ಆಮೇಲೆ ಅಲ್ಲಿನ ಆರೋಗ್ಯ ಇಲಾಖೆಯವರು ಕಾರಣ ಹುಡುಕಿದಾಗ ಸಿಕ್ಕಿದ್ದರಲ್ಲಿ ಎರಡು ಹೀಗಿದ್ದವು: ಮೈ ಸರಿಯಿಲ್ಲದಿದ್ದರೂ ಕೆಲಸಕ್ಕೆ ಬಂದ ಸಿಬ್ಬಂದಿ, ಮತ್ತು ಒಂದೇ ಸಮಯದಲ್ಲಿ ಎರಡು ಮೂರು ಕಡೆ ಕೆಲಸ ಮಾಡುತ್ತಿದ್ದ ಸಿಬ್ಬಂದಿ. ನಮ್ಮಲ್ಲೂ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ನರ್ಸಿಂಗ್ ಹೋಂ ಅಂತ ಓಡುವವರು ಇಲ್ವಾ? ಹಾಗಾಗಿ ನೀವು ಜಾಗ ನೋಡಲು ಹೋದರೆ ಮ್ಯಾನೇಜರ್ ಹತ್ತಿರ ಅಲ್ಲ, ಆಯಾ ಹತ್ತಿರವೇ ಮೆಲ್ಲಗೆ ಕೇಳಿ, "ಅಕ್ಕ, ಹುಷಾರಿಲ್ಲ ಅಂದ್ರೆ ರಜಾ ಕೊಡ್ತಾರಾ, ದುಡ್ಡು ಹಿಡೀತಾರಾ?" ಅವರು ಉತ್ತರ ಹೇಳುವ ಮುಂಚೆ ಯಾರ ಕಡೆ ತಿರುಗಿ ನೋಡುತ್ತಾರೆ ಅನ್ನುವುದನ್ನೂ ನೋಡಿ.

ಇನ್ನೊಂದು ಒಳ್ಳೆಯ ಮಾತು ರಾತ್ರಿ ಪಾಳಿಯವರ ಬಗ್ಗೆ. ಡಿಸೆಂಬರಿನಲ್ಲಿ ಒಂದು ರಾತ್ರಿ ಅಮ್ಮ ಇದ್ದಕ್ಕಿದ್ದ ಹಾಗೆ ಆಯಾಗೆ, "ಗದ್ದೆಗೆ ನೀರು ಬಿಟ್ಟು ಬಂದ್ಯಾ ಮಗಾ?" ಅಂದಳಂತೆ. ನಮ್ಮ ಗದ್ದೆ ಮಾರಿ 20 ವರ್ಷ ಆಯಿತು. ಜ್ವರ ಇಲ್ಲ, ಉರಿ ಅಂದಿಲ್ಲ. ನಾನಾಗಿದ್ದರೆ ವಯಸ್ಸಾಯಿತು, ಅರಳುಮರಳು ಅಂತ ಸುಮ್ಮನಾಗುತ್ತಿದ್ದೆ. ಆ ಹುಡುಗಿ ಬರೆದಿಟ್ಟು ಬೆಳಿಗ್ಗೆ ಸಿಸ್ಟರಿಗೆ ಹೇಳಿದಳು, ಮೂತ್ರ ಪರೀಕ್ಷೆ ಮಾಡಿಸಿದರೆ ಸೋಂಕು. ವಯಸ್ಸಾದವರಿಗೆ ಸೋಂಕಾದರೂ ಎಷ್ಟೋ ಸಲ ಜ್ವರ ಬರುವುದೇ ಇಲ್ಲ, ತಟ್ಟನೆ ಮಾತು ತಪ್ಪುವುದು, ಊಟ ಬಿಡುವುದು, ಎದ್ದು ಬೀಳುವುದು, ಇವೇ ಗುರುತು. ಐದು ದಿನ ಮಾತ್ರೆ, ಅಮ್ಮ ಮತ್ತೆ ಮಾಮೂಲಿ ಜಗಳಗಂಟಿ.

ಇನ್ನು ಬೈಗುಳ.

ಮಳೆಗಾಲದಲ್ಲಿ ಬಟ್ಟೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬಿಸಿಲು ಕಾಣುವುದೇ ಅಪರೂಪ. ಹಾಸಿಗೆ ಬಟ್ಟೆ ಅರೆಒಣಗಿದ್ದನ್ನೇ ಹಾಸಿಬಿಡುತ್ತಾರೆ, ಮುಗ್ಗಲು ವಾಸನೆ. ಒಗೆಯುವುದು ಸರಿಯಾಗಿದೆ, ಗಲೀಜಾದದ್ದನ್ನು ಕೊಡವದೆ ಅಲ್ಲೇ ಚೀಲಕ್ಕೆ ತುಂಬಿ, ಬೇರೆಯಾಗಿ ಬಿಸಿನೀರಲ್ಲಿ ಹಾಕುತ್ತಾರೆ. ಆದರೆ ಒಣಗಿಸಲು ಒಂದು ಮೆಷಿನ್ ತನ್ನಿ ಅಂದರೆ ಕರೆಂಟ್ ಬಿಲ್ ಲೆಕ್ಕ ಹೇಳುತ್ತಾರೆ. ಅಮ್ಮನ ಅಜ್ಜಿ ಮನೆಯಲ್ಲಿ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು, ಅದಾದರೂ ವಾಸಿ ಇತ್ತು.

ಕಿಟಕಿ. ಚಳಿ ಅಂತ ಎಲ್ಲ ಮುಚ್ಚಿಡುತ್ತಾರೆ. ನಾಲ್ಕು ಜನ ಮಲಗುವ ಕೋಣೆಯಲ್ಲಿ ಒಬ್ಬರಿಗೆ ಕೆಮ್ಮಿದ್ದರೆ ಆ ಗಾಳಿಯನ್ನೇ ನಾಲ್ಕೂ ಜನ ಕುಡಿಯಬೇಕು. ಎದುರುಬದುರು ಎರಡು ಕಿಟಕಿ ನಾಲ್ಕು ಬೆರಳಷ್ಟು ತೆಗೆದಿಟ್ಟರೆ ಸಾಕು, ಮೇಲೊಂದು ಕಂಬಳಿ ಹೊದಿಸಿ. ಹೋದಾಗೆಲ್ಲ ನಾನು ತೆಗೆಯುತ್ತೇನೆ, ಹೊರಟ ಮೇಲೆ ಅವರು ಮುಚ್ಚುತ್ತಾರೆ. ಪಕ್ಕದ ಹಾಸಿಗೆ ಅಜ್ಜಿಯಂತೂ ನನ್ನನ್ನು ಕಂಡರೆ ಮೊದಲೇ ಸೆರಗು ಹೊದ್ದುಕೊಳ್ಳುತ್ತಾರೆ.

ಹಿತ್ತಲಲ್ಲಿ ಮುಚ್ಚಳ ಇಲ್ಲದ ನೀಲಿ ಡ್ರಮ್ಮು ಎರಡು. ಡೆಂಗಿ ಸೊಳ್ಳೆಗೆ ಚರಂಡಿ ಬೇಡ, ಇಂಥ ನಿಂತ ತಿಳಿನೀರೇ ಬೇಕು, ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿತ್ತು. ಮೂರು ಸಲ ಹೇಳಿದ್ದೇನೆ. ವಾಂತಿಗೆ ಅಷ್ಟು ಶಿಸ್ತು, ಡ್ರಮ್ಮಿಗೆ ಯಾಕಿಲ್ಲವೋ.

ಭೇಟಿ ನಿಯಮದ ಬಗ್ಗೆ ನನಗೆ ಎರಡು ಮನಸ್ಸು. ವರ್ಷಕ್ಕೊಮ್ಮೆ ಹಾಸನಾಂಬೆ ಬಾಗಿಲು ತೆರೆದಾಗ ನೆಂಟರಿಷ್ಟರೆಲ್ಲ ಹಾಸನಕ್ಕೆ ಬರುತ್ತಾರೆ, ಗಂಟೆಗಟ್ಟಲೆ ಆ ಜನಜಂಗುಳಿಯ ಸಾಲಲ್ಲಿ ನಿಂತು, ದರ್ಶನ ಮುಗಿಸಿ ನೇರ ಇಲ್ಲಿಗೆ, "ಅಜ್ಜಿನೂ ನೋಡ್ಕೊಂಡು ಹೋಗೋಣ" ಅಂತ. ಆ ದಿನಗಳಲ್ಲಿ ಇವರು ಕೆಮ್ಮು ನೆಗಡಿ ಇದ್ದವರನ್ನು ಗೇಟಲ್ಲೇ ನಿಲ್ಲಿಸುತ್ತಾರೆ, ಉಳಿದವರಿಗೆ ಮಾಸ್ಕ್, ಒಂದು ಸಲಕ್ಕೆ ಇಬ್ಬರೇ. ನಮ್ಮ ಚಿಕ್ಕಪ್ಪ ಇದಕ್ಕೆ ರಂಪ ಮಾಡಿ ಪ್ರಸಾದ ಗೇಟಲ್ಲೇ ಕೊಟ್ಟು ಹೋದರು. ನಾನು ಸಿಸ್ಟರ್ ಪರ. ಆದರೆ ಜುಲೈನಲ್ಲಿ ಭೇದಿ ಬಂದಾಗ ಅಮ್ಮನಿಗೆ ಏನೂ ಆಗದಿದ್ದರೂ ನಾಲ್ಕು ದಿನ ಕೋಣೆಯಲ್ಲೇ ಇರಿಸಿದರು, ನನಗೂ ಪ್ರವೇಶ ಇಲ್ಲ, ಫೋನ್ ಹಿಡಿದುಕೊಡಲೂ ಯಾರಿಗೂ ಪುರುಸೊತ್ತಿಲ್ಲ. ಐದನೇ ದಿನ ಹೋದರೆ ಅಮ್ಮ ನನ್ನ ಹತ್ತಿರ ಮಾತೇ ಆಡಲಿಲ್ಲ. ಎರಡು ದಿನ ಸಾಕಿತ್ತು. ಅಥವಾ ದಿನಕ್ಕೆ ಹತ್ತು ನಿಮಿಷ ಕಿಟಕಿ ಹೊರಗಿನಿಂದಾದರೂ ಮಾತಾಡಲು ಬಿಡಬಹುದಿತ್ತು.

ಫ್ಲೂ ಇಂಜೆಕ್ಷನ್ ವರ್ಷಕ್ಕೊಮ್ಮೆ ಎಲ್ಲರಿಗೂ ಹಾಕಿಸುತ್ತಾರೆ, ದುಡ್ಡು ನಮ್ಮದು. ನ್ಯುಮೋನಿಯಾದ್ದು ಕೇಳಿದವರಿಗೆ ಮಾತ್ರ. ಆಯಾಗಳಿಗೆ ಹಾಕಿಸುವುದಿಲ್ಲ, ಅವರಿಗೇ ಮೊದಲು ಹಾಕಿಸಬೇಕಲ್ವಾ? ಇದನ್ನು ಕೇಳಿದ್ದಕ್ಕೆ ನೋಡೋಣ ಅಂದಿದ್ದಾರೆ.

ಐದಕ್ಕೆ ನಾಲ್ಕು ಸ್ಟಾರ್. ಅರ್ಧ ಡ್ರಮ್ಮಿಗೆ ಹೋಯಿತು, ಅರ್ಧ ಆ ನಾಲ್ಕು ದಿನಕ್ಕೆ. ಮೊನ್ನೆ ಹೋದಾಗ ಅಮ್ಮ ದೂರು ಹೇಳಿದಳು, "ಇವ್ರು ನನ್ನ ಮುಟ್ಟೋಕ್ ಮುಂಚೆ ಕೈ ತೊಳೀತಾರೆ, ಮುಟ್ಟಿದ್ ಮೇಲೂ ತೊಳೀತಾರೆ, ನಾನೇನ್ ಹೊಲ್ಸಾ?" ಆಯಾ ನಕ್ಕು, "ಅಜ್ಜಿ, ಮುಂಚೆ ತೊಳೆಯೋದು ನಿಮಗೆ, ಆಮೇಲೆ ತೊಳೆಯೋದು ಪಕ್ಕದ ಅಜ್ಜಿಗೆ" ಅಂದರು. ಅಮ್ಮನಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ಮುಂದಿನ ತಿಂಗಳಿಂದ 25,500 ಅಂತೆ. ಡ್ರಮ್ಮಿಗೆ ಮುಚ್ಚಳ ಬಂದರೆ ಇಲ್ಲೇ ತಿದ್ದಿ ಬರೆಯುತ್ತೇನೆ.